ಕಂಕುಳಿನ ಬಿಸಿ

ರಬ್ಬರ್ ಕಾರ್ಖಾನೆಯ ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತಮೂರು ವರ್ಷದಿಂದ ರಬ್ಬರ್ ಪಟ್ಟಿಗಳನ್ನು ಎಳೆದು ಹರಿಯುತ್ತ ಬಂದ ಹೆಂಗಸಿಗೆ ಜಗ್ಗಕ್ಕ ಎಂಬ ಹೆಸರು ಯಾರು ಇಟ್ಟರೋ ಯಾರಿಗೂ ನೆನಪಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯ ದಾಖಲೆಯಲ್ಲಿ ಎಲ್ಲೋ ಇತ್ತು. ಅದನ್ನು ಕೂಗಿದರೆ ಅವಳೇ ಹಿಂದೆ ತಿರುಗಿ ಯಾರು ಬಂದರು ಎಂದು ನೋಡುತ್ತಿದ್ದಳು.

ಅವಳ ಯಂತ್ರಕ್ಕೆ ಎರಡು ದವಡೆ. ಪಟ್ಟಿಯ ಒಂದು ತುದಿಯನ್ನು ಕೆಳಗಿನ ದವಡೆ ಕಚ್ಚಿಕೊಂಡರೆ ಇನ್ನೊಂದನ್ನು ಮೇಲಿನದು ಕಚ್ಚಿಕೊಳ್ಳುತ್ತದೆ. ಗುಂಡಿ ಒತ್ತಿದರೆ ಮೇಲಿನ ದವಡೆ ಮೆಲ್ಲಗೆ ಏರುತ್ತದೆ. ಪಕ್ಕದ ಕಾಗದದ ಮೇಲೆ ಸೂಜಿಯೊಂದು ಗೆರೆ ಎಳೆಯುತ್ತದೆ. ಎಷ್ಟು ಉದ್ದಕ್ಕೆ ಎಳೆದರೆ ಎಷ್ಟು ಬಲ ಬೇಕಾಯಿತು ಎಂಬುದೇ ಆ ಗೆರೆ. ಗೆರೆ ಸೀದಾ ಇರಲಿ ಎಂದು ಕಚೇರಿಯವರಿಗೆ ಆಸೆ. ರಬ್ಬರ್ ಅಂಥ ಸೀದಾ ಪ್ರಾಣಿಯಲ್ಲ. ಮೊದಲು ಕರೆದ ಕಡೆ ಬರುತ್ತದೆ, ನಡುವೆ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತದೆ, ಇನ್ನೇನು ಬಗ್ಗಿತು ಎಂದುಕೊಂಡಾಗ ಇದ್ದಕ್ಕಿದ್ದಂತೆ ಬಿಗಿದುಕೊಂಡು ಒಂದು ಕೂದಲೆಳೆಯಷ್ಟೂ ಮುಂದೆ ಬರುವುದಿಲ್ಲ.

"ಥೇಟ್ ನಮ್ಮತ್ತೆ," ಎನ್ನುತ್ತಿದ್ದಳು ಜಗ್ಗಕ್ಕ. ಅತ್ತೆ ಬದುಕಿದ್ದಾಗಲೂ ಹೇಳುತ್ತಿದ್ದಳು, ಅತ್ತೆಯ ಎದುರಿಗೇ.

ಪಟ್ಟಿಯನ್ನು ದವಡೆಗೆ ಕೊಡುವ ಮೊದಲು ಅವಳು ಅದನ್ನು ಹತ್ತು ನಿಮಿಷ ಎಡ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟದ್ದು. "ತಣ್ಣಗಿರೋ ಪಟ್ಟಿ ದವಡೆಯಿಂದ ಜಾರುತ್ತೆ ಮಗಳೇ, ಕೋಳಿಮರಿ ಕಾಯಿಸೋ ಹಾಗೆ ಸ್ವಲ್ಪ ಕಾಯಿಸಿಕೋ." ಮುದುಕ ನಿವೃತ್ತನಾದ, ಆಮೇಲೆ ತೀರಿಕೊಂಡ. ಕಂಕುಳು ಉಳಿಯಿತು. ವರದಿಯಲ್ಲಿ 'ಉಷ್ಣತೆ' ಎಂಬ ಅಂಕಣವಿತ್ತು. ಅಲ್ಲಿ ಅವಳು ಇಪ್ಪತ್ತೇಳು ಎಂದು ಬರೆಯುತ್ತಿದ್ದಳು. ಬೇಸಿಗೆಯಲ್ಲೂ ಇಪ್ಪತ್ತೇಳು, ಬಾಯಲ್ಲಿ ಹೊಗೆ ಬರುವ ಚಳಿಯಲ್ಲೂ ಇಪ್ಪತ್ತೇಳು. ಗೋಡೆಯ ಉಷ್ಣಮಾಪಕ ಒಡೆದ ದಿನ ಅಷ್ಟು ತೋರಿಸುತ್ತಿತ್ತು. ಆಮೇಲೆ ಯಾರೂ ಮಾಪಕವನ್ನು ಬದಲಿಸಲಿಲ್ಲ, ಹಾಗಾಗಿ ಉಷ್ಣತೆಯೂ ಬದಲಾಗಲಿಲ್ಲ.

ಆ ಚಳಿಗಾಲದಲ್ಲಿ ಇನ್ನೂರು ಮಣೆಗಳು ಕಲ್ಲಾದವು.

ಮಣೆ ಎಂದರೆ ದೊಡ್ಡ ಯಂತ್ರಗಳ ಕಾಲಡಿ ಇಡುವ, ಬೆರಳು ದಪ್ಪದ ರಬ್ಬರ್ ಹಲಗೆ. ಕಚೇರಿಯವರು ಪ್ಯಾಡ್ ಎನ್ನುತ್ತಾರೆ. ಯಂತ್ರದ ಅದುರನ್ನು ನೆಲಕ್ಕೆ ಬಿಡದೆ ತಾನೇ ನುಂಗಿಕೊಳ್ಳುವುದು ಅದರ ಕೆಲಸ. ಮಾಡಿಟ್ಟು ಎರಡು ತಿಂಗಳಾಗಿತ್ತು. ಒಯ್ಯಲು ಬಂದ ಗಿರಾಕಿ ಕಡೆಯ ಇಂಜಿನಿಯರಮ್ಮ, ಎರಡು ಮಣೆ ಎತ್ತಿ ಒಂದನ್ನು ಇನ್ನೊಂದಕ್ಕೆ ಬಡಿದಳು. ಠಕ್ ಎಂದಿತು.

"ನಾವು ರಬ್ಬರ್ ಕೇಳಿದ್ವಿ," ಎಂದಳು. "ಬಾಗಿಲು ಕೇಳಿರಲಿಲ್ಲ."

ಮ್ಯಾನೇಜರ್ ಅರ್ಧ ಗಂಟೆಯೊಳಗೆ ಅಪರಾಧಿಯನ್ನು ಹಿಡಿದ. ರಬ್ಬರಿಗೆ ಗಂಧಕ ಹಾಕಿ ಬೇಯಿಸಿದರೆ ಅದಕ್ಕೆ ಪುಟಿಯುವ ಗುಣ ಬರುತ್ತದೆ. ಗಂಧಕ ಅತಿಯಾದರೆ ಅದು ಮರದಂತಾಗುತ್ತದೆ. ಇದು ಕಾರ್ಖಾನೆಯ ಬೆಕ್ಕಿಗೂ ಗೊತ್ತು. ಗಂಧಕ ಹಾಕುವವರು ಒಬ್ಬರೇ, ಮಿಶ್ರಣ ವಿಭಾಗದ ಹಿರಿಯರು. ಅವರಿಗೆ ವಯಸ್ಸಾಗಿದೆ, ಇತ್ತೀಚೆಗೆ ಮರೆವು. ಒಮ್ಮೆ ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿದ್ದಾರೆ. ಮುಗಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಮ್ಯಾನೇಜರ್ ಒಂದು ಹೆಜ್ಜೆ ಮುಂದೆ. ಕರುವಿಗೆ ಹೆಸರನ್ನೂ ಇಟ್ಟುಬಿಟ್ಟಿದ್ದ.

ಈ ಹಿರಿಯರು ಜಗ್ಗಕ್ಕನ ಗಂಡನ ಅಣ್ಣ. ಅವಳಿಗೆ ಭಾವ. ಹನ್ನೊಂದು ವರ್ಷದಿಂದ ಅವರಿಬ್ಬರಿಗೂ ಮಾತಿಲ್ಲ.

ಕಾರಣ ಸಣ್ಣದು, ಆದ್ದರಿಂದಲೇ ಗಟ್ಟಿಯಾಗಿತ್ತು. ಮೂವತ್ತೆಂಟು ವರ್ಷದ ಕೆಲಸದಲ್ಲಿ ಭಾವನ ಮಾಲು ಪರೀಕ್ಷೆಯಲ್ಲಿ ಒಂದೇ ಒಂದು ಸಲ ನಪಾಸಾಗಿತ್ತು. ಹಾಗೆಂದು ಬರೆದವಳು ಜಗ್ಗಕ್ಕ. ಆ ಸಂಜೆ ಭಾವ ಮನೆಗೆ ಬಂದು ತಮ್ಮನಿಗೆ, "ನಿನ್ನ ಹೆಂಡತಿಗೆ ಎಳೆಯೋದು ಗೊತ್ತು, ನೋಡೋದು ಗೊತ್ತಿಲ್ಲ," ಎಂದರು. ಜಗ್ಗಕ್ಕ ಒಳಗಿನಿಂದಲೇ, "ನಿಮ್ಮಣ್ಣಂಗೆ ಹೇಳ್ರೀ, ಕೈಯಲ್ಲಿ ತಕ್ಕಡಿ ಇದೆ ಅಂದ್ಕೊಂಡವರಿಗೆಲ್ಲ ಹೀಗೇ ಆಗೋದು ಅಂತ," ಎಂದಳು. ಅಷ್ಟೇ.

ಭಾವ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು, ಹೆಂಡತಿ ತೀರಿಕೊಂಡ ಮೇಲೆ ಊಟ ಕೆಳಗೆ. ಹನ್ನೊಂದು ವರ್ಷ ಅವಳ ಕೈ ಅಡುಗೆ ಉಂಡರು, ಅವಳೊಡನೆ ಮಾತಾಡಲಿಲ್ಲ. ನಡುವೆ ಗಂಡ. ಅವನು ದರ್ಜಿ, ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ. ಇಬ್ಬರ ಮಾತೂ ಅವನ ಬಾಯಿಂದ ಹಾದು ಹೋಗುತ್ತಿತ್ತು, ಹೋಗುವಾಗ ಅಂಚು ಮಡಿಸಿ ಹೊಲಿದುಕೊಳ್ಳುತ್ತಿತ್ತು.

"ಉಪ್ಪು ಕಡಿಮೆ ಆಗಿದೆ ಅಂತ ಹೇಳು," ಎನ್ನುತ್ತಿದ್ದರು ಭಾವ.

"ನಾಲಿಗೆ ಸತ್ತಿದೆ ಅಂತ ಹೇಳ್ರೀ," ಎನ್ನುತ್ತಿದ್ದಳು ಜಗ್ಗಕ್ಕ.

"ಇನ್ನೊಂದು ಚಿಟಿಕೆ ಹಾಕ್ತಾಳಂತೆ ಅಣ್ಣ," ಎನ್ನುತ್ತಿದ್ದ ದರ್ಜಿ.

ಮಣೆಗಳು ಕಲ್ಲಾದ ದಿನ ಮ್ಯಾನೇಜರ್ ಜಗ್ಗಕ್ಕನನ್ನು ಹೊಸ ಸಭಾ ಕೋಣೆಗೆ ಕರೆಸಿದ. ಬಾಯ್ಲರಿನ ಗೋಡೆಗೆ ಅಂಟಿದ ಕೋಣೆ ಅದು; ಹೊರಗೆ ಕೈ ಮರಗಟ್ಟುತ್ತಿದ್ದರೂ ಒಳಗೆ ಶಾಲು ತೆಗೆಯಬೇಕೆನಿಸುತ್ತಿತ್ತು. ಹೋದ ವರ್ಷದವರೆಗೆ ಇಲ್ಲಿ ಮಾಲು ಇಡುತ್ತಿದ್ದರು. ಈ ವರ್ಷ ಮಾಲು ಅಂಗಳದ ತಗಡಿನ ಕೊಟ್ಟಿಗೆಗೆ ಹೋಗಿ, ಇಲ್ಲಿಗೆ ಉದ್ದನೆಯ ಮೇಜು, ಮೆತ್ತನೆಯ ಕುರ್ಚಿಗಳು ಮತ್ತು ಒಂದು ಪ್ಲಾಸ್ಟಿಕ್ ಗಿಡ ಬಂದಿದ್ದವು.

ಭಾವ ಗೋಡೆ ಬದಿ ನಿಂತಿದ್ದರು. ಮೇಜಿನ ಮೇಲೆ ಒಂದು ಪತ್ರ.

"ಗಂಧಕ ಎರಡು ಸಲ ಹಾಕಿರಬಹುದು ಅಂತ ಇವರೇ ಒಪ್ಪಿದಾರೆ," ಎಂದ ಮ್ಯಾನೇಜರ್. "ನಾಳೆ ಹತ್ತು ಗಂಟೆಗೆ ಗಿರಾಕಿ ಎದುರಿಗೆ ಸಹಿ ಹಾಕ್ತಾರೆ. ಮಿಶ್ರಣದಿಂದ ತೆಗೆದು ಗೇಟ್ ಹತ್ತಿರ ಕೂರಿಸ್ತೀವಿ, ಉಳಿದ ಎರಡು ವರ್ಷ ಅಲ್ಲೇ ಕಳೀಲಿ. ಕೆಳಗೆ ನಿಮ್ಮದೊಂದು ಸಾಲು ಬೇಕು, ಪರೀಕ್ಷೆಯಿಂದಲೂ ಅದೇ ತಿಳಿದುಬಂದಿದೆ ಅಂತ."

"ಪರೀಕ್ಷೆ ಮಾಡದೇನೇ ತಿಳಿದುಬಂತಾ?"

"ಕಣ್ಣಿಗೆ ಕಾಣ್ತಾ ಇದೆಯಲ್ಲಮ್ಮ."

"ಕಣ್ಣಿಗೆ ಕಾಣೋದಾದ್ರೆ ನನ್ನನ್ನ ಇಪ್ಪತ್ತಮೂರು ವರ್ಷ ಯಾಕೆ ಇಟ್ಟುಕೊಂಡ್ರಿ? ಒಂದು ಕನ್ನಡಕ ತಂದಿದ್ರೆ ಸಾಕಿತ್ತು."

ಅವಳು ಭಾವನ ಕಡೆ ನೋಡಲಿಲ್ಲ, ಆದರೆ ಕಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮುಖ. ವ್ಯತ್ಯಾಸ ಇಷ್ಟೇ: ಈ ಮನುಷ್ಯ ಕುಂಬಳಕಾಯಿ ಕದ್ದಿರಲಿಲ್ಲ, ಕದ್ದಿಲ್ಲವೆಂಬುದೂ ಅವರಿಗೆ ನೆನಪಿರಲಿಲ್ಲ.

ಅವಳು ಕೊಟ್ಟಿಗೆಗೆ ಹೋಗಿ ಒಂದು ಮಣೆಯಿಂದ ಪಟ್ಟಿ ಕೊಯ್ದಳು. ಚಾಕು ಹೋಗಲಿಲ್ಲ, ಗರಗಸ ಬೇಕಾಯಿತು. ಕೋಣೆಗೆ ತಂದು, ಕಂಕುಳಲ್ಲಿ ಇಟ್ಟುಕೊಂಡು, ದಿನಾಂಕ ಬರೆದು, ದವಡೆಗೆ ಕೊಟ್ಟಳು. ಸೂಜಿ ಎಂದಿನಂತೆ ಹೋಯಿತು: ಮೊದಲು ಸುಲಭ, ನಡುವೆ ಸಮಾಧಾನ, ಕೊನೆಗೆ ಅತ್ತೆ. ಎರಡು ತಿಂಗಳ ಹಿಂದಿನ ಗೆರೆಯನ್ನು ತೆಗೆದು ಇದರ ಮೇಲಿಟ್ಟು ಬೆಳಕಿಗೆ ಹಿಡಿದಳು. ಒಂದರ ಮೇಲೊಂದು ಕೂತವು. ಮಣೆ ಕಲ್ಲು, ಮಣೆಯಿಂದ ಕೊಯ್ದ ಪಟ್ಟಿ ರಬ್ಬರ್. ಇನ್ನೊಂದು ಕೊಯ್ದಳು. ಅದೂ ಹಾಗೇ.

ಮೂರನೆಯದನ್ನು ಕೊಯ್ದು ತಂದಾಗ ಕಚೇರಿಯ ಗುಮಾಸ್ತ ಬಾಗಿಲಲ್ಲಿ ಬಂದು ನಿಂತ. "ಅದೊಂದು ಸಾಲು ಬರೆದುಕೊಡಿ ಅಂದ್ರು. ಬರೆದ್ರೆ ನಿಮ್ಮ ಹಳೇ ವರದಿಗಳ ತಂಟೆಗೆ ಯಾರೂ ಬರಲ್ಲವಂತೆ."

"ನನ್ನ ವರದಿಗಳ ತಂಟೆಗೆ ಬರೋಕೆ ಅವರಿಗೆ ಓದೋಕೆ ಬರಬೇಕಲ್ಲ!" ಎಂದು ಅವನನ್ನು ಅಟ್ಟಿ, ಆ ಸಿಟ್ಟಿನಲ್ಲೇ ಪಟ್ಟಿಯನ್ನು ನೇರವಾಗಿ ದವಡೆಗೆ ಸಿಕ್ಕಿಸಿ ಗುಂಡಿ ಒತ್ತಿದಳು. ಕಂಕುಳು ಮರೆತೇ ಹೋಗಿತ್ತು.

ಸೂಜಿ ಗೂಳಿಯಂತೆ ಮೇಲಕ್ಕೆ ನುಗ್ಗಿತು. ಇನ್ನೇನು ಪಟ್ಟಿ ತುಂಡಾಯಿತು ಎನ್ನುವಾಗ ತುಸು ಕೆಳಗಿಳಿದು ಅಡ್ಡಡ್ಡ ನಡೆಯತೊಡಗಿತು. ದವಡೆ ಏರುತ್ತಿತ್ತು, ಪಟ್ಟಿ ಉದ್ದವಾಗುತ್ತಿತ್ತು, ಬಲ ಮಾತ್ರ ಹೆಚ್ಚುತ್ತಿರಲಿಲ್ಲ. ಅವಳು ಬಗ್ಗಿ ನೋಡಿದಳು. ಪಟ್ಟಿಯ ನಡುವೆ ಒಂದು ಕಡೆ ಸೊಂಟ ಮೂಡಿತ್ತು. ಸೊಂಟದಲ್ಲಿ ಪಟ್ಟಿ ತೆಳ್ಳಗೆ, ಅದರ ಆಚೆ ಈಚೆ ಮೊದಲಿನ ಹಾಗೇ ದಪ್ಪ. ಸೊಂಟ ಮೆಲ್ಲಗೆ ಎರಡೂ ಕಡೆಗೆ ಹಬ್ಬುತ್ತಿತ್ತು. ಒಂದೇ ಪಟ್ಟಿಯಲ್ಲಿ ಎರಡು ಸಂಸಾರ; ಒಂದು ಬಗ್ಗಿದೆ, ಇನ್ನೊಂದಕ್ಕೆ ಸುದ್ದಿಯೇ ತಲುಪಿಲ್ಲ. ಯಂತ್ರ ನಿಲ್ಲಿಸಿ ದವಡೆ ಸಡಿಲಿಸಿದಳು. ಪಟ್ಟಿ ಹಿಂದಕ್ಕೆ ಪುಟಿಯಲಿಲ್ಲ. ಉದ್ದವಾಗಿಯೇ ಕೈಗೆ ಬಂತು, ಬೆಲ್ಟಿನ ತುಂಡಿನ ಹಾಗೆ.

ಅಂಗೈಯಲ್ಲಿ ಹಿಡಿದು ನೋಡುತ್ತ ನಿಂತಳು. ಆಗ ಅದು ಅಲುಗಿತು. ಹಿಡಿದ ಕಡೆಯಿಂದ ಶುರುವಾಗಿ, ಎರೆಹುಳುವಿನಂತೆ, ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತ ಮೊದಲಿದ್ದ ಉದ್ದಕ್ಕೆ ಬಂದು ಸುಮ್ಮನಾಯಿತು.

ಜಗ್ಗಕ್ಕ ಸ್ಟೂಲಿನ ಮೇಲೆ ಕೂತಳು. ತಲೆಗೆ ಹಚ್ಚುವ ಎಣ್ಣೆ ಚಳಿಗೆ ಶೀಶೆಯಲ್ಲೇ ಹೆಪ್ಪುಗಟ್ಟುವುದಿಲ್ಲವೇ? ಬಿಸಿ ನೀರಿನಲ್ಲಿ ಇಟ್ಟರೆ ಕರಗುವುದಿಲ್ಲವೇ? ಎಣ್ಣೆ ಕೆಟ್ಟಿತೆಂದು ಯಾರೂ ಎಸೆಯುವುದಿಲ್ಲ. ರಬ್ಬರಿನೊಳಗಿನ ಎಳೆಗಳೂ ಎರಡು ತಿಂಗಳ ಚಳಿಯಲ್ಲಿ, ಮೆಲ್ಲಗೆ, ಒಂದರ ಪಕ್ಕ ಒಂದು ಸಾಲಾಗಿ ನಿಂತು ಹೆಪ್ಪುಗಟ್ಟಿವೆ. ಬಿಸಿ ತಾಗಿದರೆ ಸಾಲು ಮುರಿದು ಮತ್ತೆ ಗೋಜಲಾಗುತ್ತವೆ, ಮತ್ತೆ ರಬ್ಬರಾಗುತ್ತವೆ. ಗಂಧಕ ಎರಡು ಪಾಲು ಬಿದ್ದಿದ್ದರೆ? ಆಗ ಎಳೆ ಎಳೆಗೂ ಗಂಟು ಬಿದ್ದು ಸಾಲಾಗಿ ನಿಲ್ಲಲು ಜಾಗವೇ ಇರುತ್ತಿರಲಿಲ್ಲ. ಹಾಗೆ ಗಟ್ಟಿಯಾದದ್ದು ಕಂಕುಳಿಗಲ್ಲ, ಕುಲುಮೆಗೂ ಕರಗುವುದಿಲ್ಲ. ಈ ಮಣೆ ಕರಗಿತು ಎಂಬುದೇ ಸಾಕ್ಷಿ. ಭಾವ ಗಂಧಕ ಹಾಕಿದ್ದು ಒಂದೇ ಸಲ.

ಒಂದು ನಿಮಿಷ ಖುಷಿಯಾಯಿತು. ಮರುನಿಮಿಷ ಕಪಾಟಿನ ಕಡೆ ಕಣ್ಣು ಹೋಯಿತು. ಇಪ್ಪತ್ತಮೂರು ವರ್ಷದ ವರದಿಗಳು, ಎಲ್ಲವೂ ಇಪ್ಪತ್ತೇಳು ಡಿಗ್ರಿ. ಒಂದರಲ್ಲೂ ಮಾಲು ಇದ್ದ ಹಾಗೆ ಇರಲಿಲ್ಲ. ತನ್ನ ಕಂಕುಳಲ್ಲಿ ಇದ್ದ ಹಾಗಿತ್ತು. ಭಾವನನ್ನು ಬಿಡಿಸಬೇಕಾದರೆ ಇದನ್ನು ಬಾಯಿ ಬಿಟ್ಟು ಹೇಳಬೇಕಾಗಿತ್ತು.

ನಾಲ್ಕನೆಯ ಪಟ್ಟಿ ಕೊಯ್ದು, ತಣ್ಣಗೇ ಎಳೆದು, ಉದ್ದವಾಗಿ ಉಳಿದದ್ದನ್ನು ಖಾಲಿ ಊಟದ ಡಬ್ಬಿಯಲ್ಲಿ ಸುತ್ತಿಟ್ಟು ಮನೆಗೆ ಒಯ್ದಳು.

ಸಂಜೆ ಭಾವ ಊಟದ ಮೇಜಿನ ಬಳಿ ಕೂತು ಕೈ ಉಜ್ಜಿಕೊಳ್ಳುತ್ತಿದ್ದರು. ಜಗ್ಗಕ್ಕ ಪಟ್ಟಿಯನ್ನು ಗಂಡನ ಮುಂದೆ ಹಾಕಿದಳು.

"ಅಳೀರಿ ಇದನ್ನ."

ದರ್ಜಿ ಕೊರಳಿನ ಟೇಪು ಎಳೆದು ಅಳೆದ. "ಹದಿನಾರು ಇಂಚು."

"ಈಗ ಮುಷ್ಟೀಲಿ ಇಟ್ಟುಕೊಳ್ಳಿ."

ದರ್ಜಿ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಅವನ ಹುಬ್ಬು ಮೇಲೇರಿತು. "ಏ, ಇದೇನೇ ಇದು, ಇದಕ್ಕೆ ಜೀವ ಇದೆ!" ಮುಷ್ಟಿ ಬಿಚ್ಚಿ ಮತ್ತೆ ಅಳೆದ. ಐದು ಇಂಚು. ಟೇಪನ್ನು ತಿರುಗಿಸಿ ಇನ್ನೊಂದು ಬದಿಯಿಂದಲೂ ಅಳೆದ. "ಇಂಥ ಬಟ್ಟೆ ತಂದುಕೊಟ್ರೆ ನಾನು ಅಂಗಡಿ ಮುಚ್ಚಬೇಕು."

"ನಿಮ್ಮಣ್ಣಂಗೆ ಹೇಳಿ, ಮಣೆ ಕೆಟ್ಟಿಲ್ಲ, ಚಳಿಗೆ ಹೆಪ್ಪುಗಟ್ಟಿದೆ ಅಂತ. ಗಂಧಕ ಹೆಚ್ಚಾಗಿದ್ರೆ ಹೀಗೆ ವಾಪಸ್ ಬರ್ತಾನೇ ಇರಲಿಲ್ಲ ಅಂತ. ನಾಳೆ ಸಹಿ ಹಾಕಬಾರದು ಅಂತ."

ಭಾವ ಪಟ್ಟಿಯನ್ನು ಎತ್ತಿ, ಎಳೆದು ಬಿಟ್ಟು, ಮೂಗಿನ ಹತ್ತಿರ ಹಿಡಿದರು. ಮೂವತ್ತೆಂಟು ವರ್ಷ ಹೀಗೆಯೇ ಮೂಸಿ ಗಂಧಕದ ಲೆಕ್ಕ ಹೇಳುತ್ತಿದ್ದ ಮೂಗು. ಈಗ ಆ ಮೂಗಿನ ಮೇಲೂ ಅವರಿಗೆ ನಂಬಿಕೆ ಇದ್ದಂತಿರಲಿಲ್ಲ.

"ಅವಳಿಗೆ ಹೇಳು," ಎಂದರು, "ಮೊನ್ನೆ ನಲ್ಲಿ ತೆರೆದಿಟ್ಟು ಮಹಡಿ ಎಲ್ಲ ನೀರು ಮಾಡಿದೆ. ಬೀಗ ಹಾಕಿದೀನಾ ಅಂತ ಮೂರು ಸಲ ಮೆಟ್ಟಿಲು ಹತ್ತಿ ಇಳೀತೀನಿ. ಎರಡು ಸಲ ಹಾಕಿಲ್ಲ ಅಂತ ಹೇಳೋಕೆ ಹಾಕಿಲ್ಲ ಅನ್ನೋದು ನೆನಪಿರಬೇಕಲ್ಲ? ಗೇಟಲ್ಲಿ ಕೂರೋದು ಏನು ಕೆಟ್ಟದಲ್ಲ. ಬಿಸಿಲು ಬೀಳುತ್ತೆ."

"ನೆನಪಿರಬೇಕಾದ್ದು ಅವರಿಗಲ್ಲ, ರಬ್ಬರಿಗೆ ಅಂತ ಹೇಳಿ. ಅದಕ್ಕೆ ನೆನಪಿದೆ ಅಂತ ಹೇಳಿ. ಸಹಿ ಹಾಕಿದ್ರೆ ನಾಳೆಯಿಂದ ಮೇಲೇ ಒಲೆ ಹಚ್ಚಿಕೊಳ್ಳಲಿ ಅಂತ ಹೇಳಿ!"

ದರ್ಜಿ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದ. "ಅಣ್ಣ, ಇವಳು ನಾಳೆನೂ ನಿನಗೆ ಊಟ ಇಲ್ಲೇ ಅಂತಿದಾಳೆ," ಎಂದ.

ಭಾವ ಪಟ್ಟಿಯನ್ನು ಮೇಜಿನ ಮೇಲಿಟ್ಟು ಎದ್ದರು. ಮೆಟ್ಟಿಲು ಹತ್ತಿದರು, ಇಳಿದರು, ಮತ್ತೆ ಹತ್ತಿದರು.

ಮರುದಿನ ಜಗ್ಗಕ್ಕ ಒಂಬತ್ತೂವರೆಗೇ ಕೊಟ್ಟಿಗೆಗೆ ಹೋಗಿ, ಮಂಜಿನಂತೆ ತಣ್ಣಗಿದ್ದ ಒಂದು ಮಣೆಯನ್ನು ಶಾಲಿನಲ್ಲಿ ಸುತ್ತಿಕೊಂಡು, ಸಭಾ ಕೋಣೆಯ ಕುರ್ಚಿಯೊಂದರ ಮೇಲೆ ಹಾಕಿ, ಅದರ ಮೇಲೆ ಕೂತಳು. ಶಾಲನ್ನು ಸುತ್ತ ಇಳಿಬಿಟ್ಟಳು. ಮೊದಲ ಐದು ನಿಮಿಷ ಹಲ್ಲು ಕಚ್ಚಬೇಕಾಯಿತು.

ಹತ್ತಕ್ಕೆ ಮ್ಯಾನೇಜರ್ ಬಂದ, ಹಿಂದೆ ಇಂಜಿನಿಯರಮ್ಮ, ಅವರ ಹಿಂದೆ ಭಾವ. ಜಗ್ಗಕ್ಕ ಎದ್ದು ನಿಲ್ಲಲಿಲ್ಲ.

ಮ್ಯಾನೇಜರ್ ಕೆಮ್ಮಿದ. "ಗಿರಾಕಿ ಕಡೆಯವರು ಬಂದಿದಾರೆ."

"ಕಾಣಿಸ್ತು. ನಮಸ್ಕಾರ."

"ಎದ್ದು ನಿಂತು ಮಾತಾಡೋದು ಇಲ್ಲಿನ ಪದ್ಧತಿ."

"ಇವತ್ತು ಕೂತೇ ಮಾತಾಡ್ತೀನಿ. ನಿಲ್ಲೋ ಹೊತ್ತು ಬಂದಾಗ ನಿಲ್ತೀನಿ."

"ಕಾಲು ನೋವಾ?" ಎಂದಳು ಇಂಜಿನಿಯರಮ್ಮ.

"ಇಲ್ಲಮ್ಮ, ಕಾಲು ಚೆನ್ನಾಗಿದೆ. ನೀವು ಮುಂದುವರಿಸಿ."

ಮ್ಯಾನೇಜರ್ ಪತ್ರವನ್ನು ಓದಿದ. ನಿಧಾನವಾಗಿ, ತನ್ನ ಧ್ವನಿ ತನಗೇ ಹಿತವಾಗುವವರ ರೀತಿಯಲ್ಲಿ ಓದಿದ. 'ವಯೋಸಹಜ ಮರೆವು' ಎಂಬಲ್ಲಿಗೆ ಬಂದಾಗ ಕನಿಕರಕ್ಕೆಂದು ಸ್ವಲ್ಪ ನಿಲ್ಲಿಸಿದ. ಭಾವ ಪೆನ್ನಿನ ಮುಚ್ಚಳ ತೆಗೆದರು.

"ಪೆನ್ನು ಮುಚ್ಚೋಕೆ ಹೇಳಿ ಅವರಿಗೆ," ಎಂದಳು ಜಗ್ಗಕ್ಕ. ಗಂಡ ಇಲ್ಲಿರಲಿಲ್ಲ, ಆದ್ದರಿಂದ ಪ್ಲಾಸ್ಟಿಕ್ ಗಿಡಕ್ಕೆ ಹೇಳಿದಳು. "ಪರೀಕ್ಷೆ ಮಾಡೋಳು ನಾನು. ಮೊದಲು ನನ್ನ ಮಾತು ಬರಲಿ, ಆಮೇಲೆ ಅವರ ಸಹಿ."

ಎರಡು ಗೆರೆಗಳ ಕಾಗದವನ್ನು ಮೇಜಿನ ಮೇಲೆ ಜಾರಿಸಿದಳು. ಒಂದು ಬಿಸಿ ಪಟ್ಟಿಯದು, ಒಂದು ತಣ್ಣನೆಯದು. ಎರಡೂ ಒಂದೇ ಮಣೆಯಿಂದ ಬಂದದ್ದು ಎಂದಳು. ತಣ್ಣನೆಯದರ ಏರು, ಇಳಿ, ಅಡ್ಡಗೆರೆ, ಕೊನೆಯ ಏರು, ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು. ಎಣ್ಣೆ ಶೀಶೆಯ ಕಥೆ ಹೇಳಿದಳು. ಎಲ್ಲವನ್ನೂ ಕೂತಲ್ಲಿಂದಲೇ. ಇಂಜಿನಿಯರಮ್ಮ ಕಾಗದವನ್ನು ಹತ್ತಿರ ಎಳೆದುಕೊಂಡಳು.

"ಇದು ಯಂತ್ರದಲ್ಲಿ ಪಟ್ಟಿ ಜಾರಿರೋದು," ಎಂದ ಮ್ಯಾನೇಜರ್.

"ಜಾರಿದ್ರೆ ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತೆ ಸಾರ್. ಇದು ನೋಡಿ, ಕೂದಲು ಬಾಚಿದ ಹಾಗಿದೆ."

ಮ್ಯಾನೇಜರ್ ಕುರ್ಚಿಗೆ ಒರಗಿದ. ಅವನು ದಡ್ಡನಲ್ಲ, ಯಾವಾಗ ತಣ್ಣಗೆ ಮಾತಾಡಬೇಕೆಂದು ತಿಳಿದಿದ್ದ. "ಸರಿ. ಬಿಸಿ ಮಾಡಿದ ಪಟ್ಟಿ ಅಂದ್ರಿ. ಯಾವುದರಲ್ಲಿ ಬಿಸಿ ಮಾಡಿದ್ರಿ?"

"ಕಂಕುಳಲ್ಲಿ."

ಇಂಜಿನಿಯರಮ್ಮ ತಲೆ ಎತ್ತಿದಳು.

"ನಿನ್ನೆ ಮಾತ್ರನಾ?"

"ಇಪ್ಪತ್ತಮೂರು ವರ್ಷದಿಂದ."

"ಅಂದ್ರೆ," ಮ್ಯಾನೇಜರ್ ಒಂದೊಂದೇ ಪದವನ್ನು ಇಟ್ಟ, "ಇಪ್ಪತ್ತಮೂರು ವರ್ಷದಿಂದ ನಿಮ್ಮ ವರದಿಗಳೆಲ್ಲ ಸುಳ್ಳು. ಯೋಚನೆ ಮಾಡಿ ಹೇಳಿ. ಈ ಪತ್ರಕ್ಕೆ ಒಂದು ಸಾಲು ಸೇರಿಸಿದ್ರೆ ಇಲ್ಲಿಗೆ ಮುಗಿಯುತ್ತೆ. ಇಲ್ಲಾಂದ್ರೆ ಇನ್ನೊಂದು ವಿಚಾರಣೆ ಶುರುವಾಗುತ್ತೆ, ಅದು ನಿಮ್ಮದು."

ಭಾವ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು.

"ಶುರುಮಾಡಿ," ಎಂದಳು ಜಗ್ಗಕ್ಕ. "ಸುಳ್ಳಲ್ಲ, ತಪ್ಪು. ಬಿಸಿ ಪಟ್ಟಿಯ ಬಗ್ಗೆ ನಾನು ಬರೆದದ್ದೆಲ್ಲ ನಿಜ. ಅದು ಬಿಸಿ ಪಟ್ಟಿ ಅಂತ ಬರೀಲಿಲ್ಲ, ಅದು ನನ್ನ ತಪ್ಪು. ಪೂರ್ತಿ ನನ್ನದೇ. ದೊಡ್ಡ ಅಕ್ಷರದಲ್ಲಿ ಬರೆದುಕೊಡ್ತೀನಿ. ಆದ್ರೆ ನನ್ನ ತಪ್ಪು ನನಗೆ ಕೊಡಿ ಸಾರ್, ನಿಮ್ಮದು ನೀವಿಟ್ಟುಕೊಳ್ಳಿ, ಮಾಡದೇ ಇರೋರ ತಲೆಗೆ ಎರಡನ್ನೂ ಕಟ್ಟಬೇಡಿ. ಹೋದ ವರ್ಷದವರೆಗೆ ಮಾಲು ಎಲ್ಲಿರ್ತಿತ್ತು? ಇಲ್ಲೇ, ಈ ಬೆಚ್ಚಗಿನ ಗೋಡೆ ಪಕ್ಕ. ಈಗ ಇಲ್ಲಿ ಯಾರು ಬೆಚ್ಚಗಿದಾರೆ? ನೀವು, ನಾನು, ಈ ಗಿಡ. ಮಣೆಗಳು ಎರಡು ತಿಂಗಳಿಂದ ತಗಡಿನ ಕೆಳಗೆ ನಡುಗ್ತಾ ಇವೆ. ಅವಕ್ಕೆ ಮರೆವು ಬಂದಿಲ್ಲ, ಚಳಿ ಬಂದಿದೆ."

"ಸಾಕು ನಿಮ್ಮ ನಾಟಕ. ಎದ್ದೇಳಿ!"

ಜಗ್ಗಕ್ಕ ಗೋಡೆ ಗಡಿಯಾರ ನೋಡಿದಳು. ಐವತ್ತು ನಿಮಿಷವಾಗಿತ್ತು.

"ಈಗ ಏಳ್ತೀನಿ," ಎಂದು ಎದ್ದಳು. ಶಾಲು ಸರಿಸಿ, ಕುರ್ಚಿಯ ಮೇಲಿದ್ದ ಮಣೆಯನ್ನು ಎರಡು ಕೈಯಲ್ಲಿ ಎತ್ತಿದಳು. ಅದು ಹಸಿ ಚರ್ಮದಂತೆ ಎರಡೂ ಬದಿಗೆ ಜೋತುಬಿತ್ತು. ಇಂಜಿನಿಯರಮ್ಮನ ಮುಂದೆ ಹಾಕಿದಳು. "ಬೆಳಿಗ್ಗೆ ಒಂಬತ್ತೂವರೆಗೆ ಇದು ನಿಮ್ಮ ಬಾಗಿಲು. ಕೊಟ್ಟಿಗೆಯಿಂದ ಇನ್ನೊಂದು ತರಿಸಿ ಪಕ್ಕದಲ್ಲಿಟ್ಟು ನೋಡಿ. ಬೇಕಾದ್ರೆ ಇನ್ನೂರರಲ್ಲಿ ನೀವೇ ಆರಿಸಿ, ನೀವೇ ಮೇಲೆ ಕೂತು ನೋಡಿ. ಎರಡು ಪಾಲು ಗಂಧಕದ ಮಣೆಯನ್ನ ಹೀಗೆ ಮೆತ್ತಗೆ ಮಾಡೋ ಕಂಕುಳಾಗಲಿ, ಕುಂಡೆಯಾಗಲಿ ಈ ಭೂಮಿ ಮೇಲೆ ಇಲ್ಲ."

ಮ್ಯಾನೇಜರ್ ಕಣ್ಣು ಮುಚ್ಚಿಕೊಂಡ. ಇಂಜಿನಿಯರಮ್ಮ ನಗಲಿಲ್ಲ, ಮಣೆಯನ್ನು ಮಡಿಸಿದಳು, ಬಿಟ್ಟಳು, ಮತ್ತೆ ಮಡಿಸಿದಳು. ತಾನೇ ಹೋಗಿ ಕೊಟ್ಟಿಗೆಯಿಂದ ಇನ್ನೊಂದನ್ನು ತಂದಳು. ಅದನ್ನು ಮೇಜಿಗೆ ಬಡಿದರೆ ಠಕ್ ಎಂದಿತು. ಕುರ್ಚಿಯ ಮೇಲೆ ಹಾಕಿ, ಕೋಟು ಸರಿಮಾಡಿಕೊಂಡು, ಅದರ ಮೇಲೆ ಕೂತಳು.

"ನಮ್ಮ ಯಂತ್ರಗಳು ಬೆಚ್ಚಗಿನ ಕಟ್ಟಡದಲ್ಲಿವೆ, ಅಲ್ಲಿ ಇದು ಹೆಪ್ಪುಗಟ್ಟಲ್ಲ," ಎಂದಳು. "ನನಗೆ ಅವಸರ ಇಲ್ಲ. ಯಾರಾದ್ರೂ ಟೀ ತರಿಸ್ತೀರಾ?"

ಒಬ್ಬ ಹೆಂಗಸು ಮುಕ್ಕಾಲು ಗಂಟೆ ರಬ್ಬರಿನ ಮೇಲೆ ಕೂತು ಟೀ ಕುಡಿಯುವುದನ್ನು ಮೂವರು ನೋಡಿದರು. ಅವಳು ಎದ್ದಾಗ ಮಣೆಯೂ ಬಗ್ಗಿತು. ಭಾವ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ, ಮಿಶ್ರಣದ ಕಡೆ ನಡೆದರು.

ಮೂರನೆಯ ದಿನ ಜಗ್ಗಕ್ಕನಿಗೆ ನೋಟಿಸ್ ಬಂತು: ಇಪ್ಪತ್ತಮೂರು ವರ್ಷ ತಪ್ಪು ಉಷ್ಣತೆ ನಮೂದಿಸಿದ್ದಕ್ಕೆ ಕಾರಣ ಕೊಡುವುದು. ಅವಳು ಒಂದೇ ಪುಟದ ಉತ್ತರ ಬರೆದಳು. ಮುದುಕನ ಕೋಳಿಮರಿ, ಜಾರುವ ದವಡೆ, ಒಡೆದ ಮಾಪಕ, ಎಲ್ಲವೂ ಅದರಲ್ಲಿತ್ತು. ಕೊನೆಗೆ, "ಇನ್ನು ಮುಂದೆ ಪ್ರತಿ ಮಾಲನ್ನೂ ಎರಡು ಸಲ ಎಳೆಯುತ್ತೇನೆ, ಒಮ್ಮೆ ತಣ್ಣಗೆ, ಒಮ್ಮೆ ಬಿಸಿಯಾಗಿ. ಎರಡು ಗೆರೆಯನ್ನೂ ಕೊಡುತ್ತೇನೆ. ಇದು ಬೇಡವೆಂದರೆ ನನ್ನನ್ನು ತೆಗೆಯಿರಿ. ಒಂದೇ ಗೆರೆ ಕೊಡುವವರನ್ನು ಹುಡುಕಿಕೊಳ್ಳಿ. ಹೊಸ ಉಷ್ಣಮಾಪಕವನ್ನು ಮಾತ್ರ ಅವರು ಬರುವ ಮೊದಲೇ ತರಿಸಿ," ಎಂದು ಬರೆದು ಸಹಿ ಹಾಕಿದಳು. ಸಹಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿತ್ತು. ಯಾರದೆಂದು ಕಚೇರಿಯಲ್ಲಿ ಸ್ವಲ್ಪ ಹೊತ್ತು ಗೊಂದಲವಾಯಿತು. ನೋಟಿಸಿಗೆ ಮುಂದಿನ ನೋಟಿಸ್ ಬರಲಿಲ್ಲ. ಗಿರಾಕಿಯ ಕಡೆಯಿಂದ ಪತ್ರ ಬಂದಿತ್ತು, ಮುಂದಿನ ಮಾಲಿಗೂ ಎರಡು ಗೆರೆ ಬೇಕೆಂದು.

ಮಣೆಗಳು ಬಾಯ್ಲರಿನ ಗೋಡೆ ಪಕ್ಕಕ್ಕೆ ಮರಳಿದವು. ಮೇಜು, ಕುರ್ಚಿಗಳು ಮತ್ತು ಗಿಡ ತಗಡಿನ ಕೊಟ್ಟಿಗೆಗೆ ಹೋದವು. ಸಭೆಗಳು ಈಗ ಬೇಗ ಮುಗಿಯುತ್ತವೆ.

ಭಾವ ಮಾತ್ರ ಒಂದು ವಾರ ಏನನ್ನೋ ಲೆಕ್ಕ ಹಾಕುತ್ತಿದ್ದರು. ಏಳನೆಯ ದಿನ ರಾತ್ರಿ ಊಟಕ್ಕೆ ಕೂತಾಗ ತಮ್ಮನ ಕಡೆ ತಿರುಗಿದರು.

"ಅವಳನ್ನ ಕೇಳು. ಹನ್ನೊಂದು ವರ್ಷದ ಹಿಂದೆ ನನ್ನ ಮಾಲು ನಪಾಸು ಮಾಡಿದ್ಲಲ್ಲ, ಅವತ್ತೂ ಚಳಿಗಾಲ. ಅವತ್ತು ಪಟ್ಟಿ ಎಲ್ಲಿಟ್ಟುಕೊಂಡಿದ್ಲು?"

ದರ್ಜಿ ಹೆಂಡತಿಯ ಕಡೆ ನೋಡಿದ. ಈ ಮಾತಿಗೆ ಮಡಿಸಿ ಹೊಲಿಯಲು ಅಂಚೇ ಇರಲಿಲ್ಲ.

ಜಗ್ಗಕ್ಕ ಸೌಟು ಕೆಳಗಿಟ್ಟಳು. ಆ ವರ್ಷ ಮಹಡಿಯ ಮೆಟ್ಟಿಲಿನಿಂದ ಜಾರಿ ಬಿದ್ದದ್ದು ಅವಳಿಗೆ ನೋಟಿಸಿಗೆ ಉತ್ತರ ಬರೆಯುವಾಗಲೇ ನೆನಪಾಗಿತ್ತು. ಹಳೆಯ ದಾಖಲೆ ತೆಗೆದು, ನಪಾಸು ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ದಿನಾಂಕ ಬರೆದು ಸಹಿಯನ್ನೂ ಹಾಕಿದ್ದಳು. ಹೇಳಿರಲಿಲ್ಲ ಅಷ್ಟೇ.

"ಎಲ್ಲೂ ಇಟ್ಟುಕೊಂಡಿರಲಿಲ್ಲ ಭಾವ," ಎಂದಳು, ನೇರವಾಗಿ ಅವರ ಮುಖ ನೋಡಿ. "ಎಡಗೈ ಮುರಿದು ಪ್ಲಾಸ್ಟರ್ ಹಾಕಿದ್ರು. ಪಟ್ಟಿ ವಾರಗಟ್ಟಲೆ ನನ್ನ ಕೋಣೆ ಚಳೀಲೇ ಬಿದ್ದಿತ್ತು, ಹಾಗೇ ತಣ್ಣಗೆ ಎಳೆದೆ. ನಿಮ್ಮ ಮಾಲು ಸರಿಯಿತ್ತು."

ಭಾವ ತುತ್ತನ್ನು ಅಗಿದರು. ಬಹಳ ಹೊತ್ತು ಅಗಿದರು. ಹನ್ನೊಂದು ವರ್ಷಕ್ಕೆ ಅಷ್ಟು ಹೊತ್ತು ಹೆಚ್ಚೇನಲ್ಲ.

"ಉಪ್ಪು ಕಡಿಮೆ ಆಗಿದೆಯಮ್ಮ," ಎಂದರು, ಅವಳಿಗೇ.

"ಡಬ್ಬಿ ಅಲ್ಲೇ ಇದೆ. ಕೈ ಚಾಚಿ."

ಭಾವ ಒಂದು ಚಿಟಿಕೆ ಹಾಕಿಕೊಂಡರು. ಕಲಸಿದರು. ಕೈ ಮತ್ತೆ ಡಬ್ಬಿಯ ಕಡೆ ಹೋಗಿ ನಡುವೆ ನಿಂತಿತು.

"ಹಾಕಿದೆನಾ?"

"ಒಂದೇ ಸಲ," ಎಂದಳು ಜಗ್ಗಕ್ಕ. "ನಾನು ನೋಡಿದೀನಿ."